ತಾಯಿದ್ರಾವಣ

ಗೌರಿ ಹುಣ್ಣಿಮೆ ಹತ್ತಿರ ಬಂತೆಂದರೆ ನವಲಗುಂದ, ಅಣ್ಣಿಗೇರಿ, ಕುಂದಗೋಳದ ಕಡೆ ಸಕ್ಕರೆ ಆರತಿಯ ಕಟ್ಟಿಗೆ ಅಚ್ಚುಗಳು ಹೊರಗೆ ಬರುತ್ತವೆ. ಕುದಿಯುವ ಪಾಕಕ್ಕೆ ಒಂದಿಷ್ಟು ಹಾಲು ಹಾಕಿದರೆ ಕೊಳೆಯೆಲ್ಲ ಬುರುಗಾಗಿ ಮೇಲೇಳುತ್ತದೆ. ಅದನ್ನು ತೆಗೆದು, ಸೋಸಿ, ಮತ್ತೆ ಕಾಯಿಸಿ, ಸೌಟಿನಿಂದ ಪಾತ್ರೆಯ ಅಂಚಿಗೆ ತಿಕ್ಕುತ್ತಾರೆ. ನೀರಿನಂತಿದ್ದ ಪಾಕ ನೋಡನೋಡುತ್ತ ಬೆಳ್ಳಗಾಗುತ್ತದೆ. ಅಚ್ಚಿಗೆ ಹೊಯ್ದರೆ ಆನೆ, ತೇರು, ಗೊಂಬೆ.

ಶಾಲೆಯ ಪುಸ್ತಕ ಇದನ್ನು ಸ್ಫಟಿಕೀಕರಣ ಎನ್ನುತ್ತದೆ. 100 ಗ್ರಾಂ ತಣ್ಣೀರು ಸುಮಾರು 200 ಗ್ರಾಂ ಸಕ್ಕರೆಯನ್ನು ಕರಗಿಸಿಕೊಳ್ಳುತ್ತದೆ. ಕುದಿಯುವ ನೀರು ಅದರ ಎರಡು ಪಟ್ಟಿಗಿಂತಲೂ ಹೆಚ್ಚು. ಆರಿದಾಗ ಹೆಚ್ಚಿನದು ಹೊರಗೆ ಬರಲೇಬೇಕು. ಆಗ ಸಕ್ಕರೆಯ ಕಣ ಸಕ್ಕರೆಯ ಕಣದ ಕೈಯನ್ನೇ ಹಿಡಿಯುತ್ತದೆ. ಬೇರೆಯದಕ್ಕೆ ಆ ಸಾಲಿನಲ್ಲಿ ಜಾಗ ಸಿಗುವುದಿಲ್ಲ. ನಿಧಾನವಾಗಿ ಬೆಳೆದರೆ ಕಲ್ಲುಸಕ್ಕರೆಯಂಥ ದೊಡ್ಡ ಹರಳು. ಅವಸರ ಮಾಡಿದರೆ ಕೊಳೆಯೂ ಒಳಗೇ ಸಿಕ್ಕಿಕೊಳ್ಳುತ್ತದೆ.

ಹರಳು ತೆಗೆದ ಮೇಲೆ ಉಳಿಯುವ ನೀರಿಗೆ ರಸಾಯನಶಾಸ್ತ್ರದವರು ತಾಯಿದ್ರಾವಣ ಎಂದು ಹೆಸರಿಟ್ಟಿದ್ದಾರೆ. ಈ ಮಾತು ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಹರಳು ಹುಟ್ಟಿದ್ದು ಅವಳ ಒಡಲಲ್ಲಿ. ಹರಳಿಗೆ ಬೇಡವಾದದ್ದೆಲ್ಲ ಉಳಿದದ್ದೂ ಅವಳಲ್ಲೇ.

ನಮ್ಮ ಮನೆಗಳಲ್ಲೂ ಹೀಗೇ ಅಲ್ಲವೇ? ಮಗ ಓದಿ ಪಟ್ಟಣ ಸೇರುತ್ತಾನೆ, ಹೊಳೆಯುತ್ತಾನೆ. ಸಾಲದ ಚಿಂತೆ, ದಾಯಾದಿಗಳ ಮುನಿಸು, ಹಾಸಿಗೆ ಹಿಡಿದ ಅತ್ತೆಯ ಆರೈಕೆ ತಾಯಿಯ ಪಾಲಿಗೆ ಉಳಿಯುತ್ತವೆ. ಆಮೇಲೆ ನಾವೇ, 'ಆಕೀ ಮಾತು ಭಾಳ ಕಹಿ' ಅನ್ನುತ್ತೇವೆ. ಒಬ್ಬರ ಶುದ್ಧಿಗಾಗಿ ಇನ್ನೊಬ್ಬರು ಹೊತ್ತದ್ದನ್ನು ಅವರ ದೋಷ ಎನ್ನಬಹುದೇ?

ಶುದ್ಧಿ ಬೇಡವೆಂದು ನಾನು ಹೇಳುತ್ತಿಲ್ಲ. ಔಷಧ ಶುದ್ಧವಾಗಿರಲೇಬೇಕು. ಆದರೆ ಹರಳಿನ ಬಿಳುಪು ಹರಳೊಂದರದೇ ಗಳಿಕೆಯಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಕೊನೆಗೆ ಉಳಿಯುವ ಕಪ್ಪು ಕಾಕಂಬಿಯೂ ಕಸವಲ್ಲ. ದನಗಳ ಮೇವಿಗೆ ಬೆರೆಯುತ್ತದೆ, ಸ್ಪಿರಿಟ್ ಆಗುತ್ತದೆ. ಆ ಕಾಕಂಬಿಯನ್ನು ಬೇರ್ಪಡಿಸದೆ ಹರಳಿನೊಂದಿಗೇ ಕೂಡಿ ಗಟ್ಟಿಯಾದದ್ದು ಬೆಲ್ಲ. ಬಾಣಂತಿಯ ಅಂಟಿನುಂಡಿಗೆ ನಮ್ಮ ಹಿರಿಯರು ಹಾಕಿದ್ದು ಬಿಳಿ ಸಕ್ಕರೆಯನ್ನಲ್ಲ, ಆ ಬೆಲ್ಲವನ್ನೇ.