ಹಲ್ಲು ಯಾರದು?

ನಮ್ಮ ವಂಶದಲ್ಲಿ ತಲೆಮಾರಿನಿಂದ ತಲೆಮಾರಿಗೆ ತಪ್ಪದೆ ಇಳಿದುಬಂದ ಆಸ್ತಿ ಎಂದರೆ ಒಂದೇ: ಮೇಲುದವಡೆಯ ಮುಂದಿನ ಎರಡು ಹಲ್ಲು. ನನ್ನ ತಾಯಿಗೆ ಇವಿದ್ದವು. ಆಕೆಯಿಂದ ನನ್ನ ತಂಗಿಗೆ ಬಂದವು. ನನ್ನನ್ನು ಹೇಗೋ ಬಿಟ್ಟು, ನನ್ನ ಮಗಳನ್ನೂ ದಾಟಿ, ಈಗ ಹನ್ನೆರಡು ವರ್ಷದ ಮೊಮ್ಮಗಳ ಬಾಯಲ್ಲಿ ಬಂದು ಕುಳಿತಿವೆ. ತುಟಿ ಕೂಡಿಸಿದರೂ ಅವು ಪೂರ್ತಿ ಒಳಗೆ ಹೋಗುವುದಿಲ್ಲ. ಅವಳು ನಕ್ಕರೆ ನನಗೆ ಎಪ್ಪತ್ತು ವರ್ಷದ ಹಿಂದಿನ ನಮ್ಮ ಅಡಿಗೆಮನೆ ನೆನಪಾಗುತ್ತದೆ.

ಕಳೆದ ವರ್ಷ ಮಗಳು ಫೋನು ಮಾಡಿ, "ಅಪ್ಪಾ, ಇವಳಿಗೆ ಕ್ಲಿಪ್ಪು ಹಾಕಿಸೋಣ ಅಂತಿದೀವಿ. ನೀವೇನಂತೀರಿ?" ಎಂದಳು. ದೇವರು ಕೊಟ್ಟ ಹಲ್ಲಿಗೆ ತಂತಿ ಬಿಗಿಯುವುದೇಕೆ ಎಂಬ ಮಾತು ನನ್ನ ನಾಲಗೆಯ ತುದಿಗೆ ತಾನಾಗಿಯೇ ಬಂದುಬಿಟ್ಟಿತ್ತು. ಅದು ಬಂದ ವೇಗಕ್ಕೇ ನಾನು ಬೆಚ್ಚಿದೆ. ಆ ಮಾತನ್ನು ನಾನು ಹಿಂದೊಮ್ಮೆ ಕೇಳಿದ್ದೆ, ಕೇಳಿ ತಲೆದೂಗಿದ್ದೆ.

೧೯೬೮ರ ಮಾತು. ಹಾಸನ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ ನಮ್ಮ ತಂದೆ ಪ್ರಾಥಮಿಕ ಶಾಲೆಯ ಹೆಡ್‌ಮಾಸ್ತರು. ತಂಗಿಗೆ ಆಗ ಹದಿಮೂರು. ಶಾಲೆಯಲ್ಲಿ ಅವಳನ್ನು ಯಾವ ಹೆಸರಿನಿಂದ ಕೂಗುತ್ತಿದ್ದರೆಂಬುದನ್ನು ಇಲ್ಲಿ ಬರೆಯಲಾರೆ. ಜಗಳ ಬಂದಾಗ ನಾನೂ ಅದೇ ಹೆಸರಿನಿಂದ ಕೂಗಿದ್ದೇನೆಂಬುದನ್ನು ಮಾತ್ರ ಬರೆಯಲೇಬೇಕು. ಬೆಂಗಳೂರಿನಿಂದ ಬಂದ ಬಂಧುವೊಬ್ಬರು, ಅಲ್ಲಿ ಹಲ್ಲನ್ನು ತಂತಿ ಕಟ್ಟಿ ಒಳಕ್ಕೆ ತರುವ ವೈದ್ಯರಿದ್ದಾರೆ, ತಿಂಗಳಿಗೊಮ್ಮೆ ಕರೆದುಕೊಂಡು ಬಂದರೆ ಒಂದೆರಡು ವರ್ಷದಲ್ಲಿ ಸರಿಹೋಗುತ್ತದೆ ಎಂದರು. ತಂದೆ ಎರಡು ದಿನ ಯೋಚಿಸಿದರು. ಆಮೇಲೆ, "ದೇವರು ಕೊಟ್ಟದ್ದನ್ನು ತಿದ್ದೋದಕ್ಕೆ ನಾವು ಯಾರು?" ಎಂದುಬಿಟ್ಟರು. ಆಗಷ್ಟೇ ಮೈಸೂರಿನಲ್ಲಿ ಪಿ.ಯು.ಸಿ.ಗೆ ಸೇರಿ ನಾಲ್ಕು ಪುಸ್ತಕ ಓದಿದ್ದ ನಾನು, ರೂಪ ಅನಿತ್ಯ, ಗುಣ ಮುಖ್ಯ ಎಂದು ಅದಕ್ಕೊಂದು ಭಾಷ್ಯವನ್ನೂ ಸೇರಿಸಿದೆ. ನನ್ನ ಹಾಸ್ಟೆಲಿನ ಖರ್ಚನ್ನೂ ಬೆಂಗಳೂರಿನ ಬಸ್ಸಿನ ಖರ್ಚನ್ನೂ ಒಂದೇ ಸಂಬಳದಲ್ಲಿ ತೂಗಿಸುವುದು ಸಾಧ್ಯವಿರಲಿಲ್ಲವೆಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಅದನ್ನು ಇಬ್ಬರೂ ಹೇಳಲಿಲ್ಲ. ತಂದೆಯ ಪರವಾಗಿ ಇಷ್ಟು ಹೇಳಬಹುದು: ಬಡತನವನ್ನು ವೇದಾಂತದ ಬಟ್ಟೆಯಲ್ಲಿ ಸುತ್ತಿಕೊಳ್ಳದಿದ್ದರೆ ಆ ಕಾಲದ ಮೇಷ್ಟರು ಬದುಕುವುದೇ ಕಷ್ಟವಿತ್ತು. ನನ್ನ ಪರವಾಗಿ ಹೇಳಲು ಏನೂ ಇಲ್ಲ.

ಇದ್ದುದರಲ್ಲಿ ತೃಪ್ತಿ ಪಡಬೇಕೆಂಬುದು ದೊಡ್ಡ ಮಾತೇ. ಆದರೆ ನನ್ನ ತೃಪ್ತಿಯನ್ನು ನಾನು ಬೋಧಿಸಿಕೊಳ್ಳುವುದು ಬೇರೆ, ಇನ್ನೊಬ್ಬರ ಬಾಯಿಯ ವಿಷಯದಲ್ಲಿ ನಾನು ತೃಪ್ತನಾಗುವುದು ಬೇರೆ. ಮೊದಲನೆಯದು ವೈರಾಗ್ಯ; ಎರಡನೆಯದಕ್ಕೆ ಹೆಸರಿಡಲು ನನಗೆ ಸಂಕೋಚವಾಗುತ್ತದೆ.

ಹಾಗೆಂದು ತಂಗಿಯ ಬಾಳು ಹಲ್ಲಿನಿಂದ ಹಾಳಾಯಿತೆಂದು ಕಥೆ ಕಟ್ಟಲಾರೆ. ಶಾಲೆಯಲ್ಲಿ ಪಾಠ ಹೇಳಿದಳು, ಒಳ್ಳೆಯ ಮನೆ ಸೇರಿದಳು, ಮಕ್ಕಳನ್ನು ಬೆಳೆಸಿದಳು. ಸೇರುವ ಮುಂಚೆ ಮೂರು ಕಡೆಯವರು ಬಂದು ನೋಡಿ ಹೋದರು. ಹೆಣ್ಣಿಗೆ ಒಂದು ದೇವರನಾಮ ಹೇಳು ಎನ್ನುವುದು ಸಂಗೀತದ ಮೇಲಿನ ಪ್ರೀತಿಯಿಂದಲ್ಲ ಎಂಬುದು ನನಗೆ ಅರ್ಥವಾದದ್ದು ಆಗಲೇ. ದನದ ಜಾತ್ರೆಯಲ್ಲಿ ಎರಡು ಹಲ್ಲು, ನಾಲ್ಕು ಹಲ್ಲು ಎಂದು ಎತ್ತಿನ ಬಾಯಿ ಅಗಲಿಸಿ ನೋಡುವವರಾದರೂ ಪ್ರಾಮಾಣಿಕರು. ತಾವು ನೋಡುತ್ತಿರುವುದು ಹಲ್ಲನ್ನೇ ಎಂದು ಒಪ್ಪಿಕೊಳ್ಳುತ್ತಾರೆ. ತಂಗಿಯ ಮದುವೆಯ ಫೋಟೋದಿಂದ ಹಿಡಿದು ಮೊಮ್ಮಕ್ಕಳ ನಾಮಕರಣದ ಫೋಟೋದವರೆಗೆ ಎಲ್ಲದರಲ್ಲೂ ಅವಳ ತುಟಿ ಬಿಗಿದಿದೆ. ಎದುರಿಗೆ ನಕ್ಕರೆ ಸೆರಗು ತಾನಾಗಿ ಬಾಯಿಗೆ ಹೋಗುತ್ತದೆ.

ಪುರಾಣಗಳೂ ಈ ವಿಷಯದಲ್ಲಿ ನಮಗಿಂತ ದಯಾಳುವಾಗಿಲ್ಲ. ವೈಕುಂಠದ ದ್ವಾರಪಾಲಕರಾದ ಜಯವಿಜಯರು ಮೂರನೆಯ ಜನ್ಮದಲ್ಲಿ ಶಿಶುಪಾಲ, ದಂತವಕ್ರರಾಗಿ ಹುಟ್ಟಿ ಕೃಷ್ಣನಿಂದ ಹತರಾದರಷ್ಟೆ. ದಂತವಕ್ರನೆಂದರೆ ಸೊಟ್ಟ ಹಲ್ಲಿನವನು. ಶತ್ರುವಿಗೆ ಹೆಸರಿಡುವಾಗ ಮೊದಲು ಕಣ್ಣಿಗೆ ಬಿದ್ದದ್ದು ಹಲ್ಲು!

ಇನ್ನೊಂದು ಪಕ್ಷವನ್ನೂ ನೋಡಬೇಕು. ಮೊಮ್ಮಗಳಿಗೆ ಕ್ಲಿಪ್ಪು ಬೇಕೆಂಬ ಆಸೆ ಹುಟ್ಟಿದ್ದು ಎಲ್ಲಿಂದ? ಅವಳ ತರಗತಿಯ ಮೂವರಲ್ಲಿ ಒಬ್ಬರ ಬಾಯಲ್ಲಿ ತಂತಿ ಹೊಳೆಯುತ್ತದಂತೆ. ಕೈಯಲ್ಲಿರುವ ಫೋನಿನಲ್ಲಿ ದಿನವೂ ಕಾಣುವ ಮುಖಗಳಲ್ಲಿ ಸಾಲು ತಪ್ಪಿದ ಹಲ್ಲು ಒಂದೂ ಇಲ್ಲ. ಎಲ್ಲರೂ ಒಂದೇ ಅಚ್ಚಿನ ಬಾಯಿಯಿಂದ ನಗುವ ಲೋಕವನ್ನು ಕಟ್ಟುವುದಕ್ಕೆ ನಾವು ಹಣವನ್ನೂ ಮಗುವಿನ ನೋವನ್ನೂ ಕೊಡಬೇಕೆ? ನಗುವವರನ್ನು ತಿದ್ದಲಾರದೆ ನಗೆಗೀಡಾದವಳನ್ನು ತಿದ್ದುವುದು ಯಾವ ನ್ಯಾಯ? ಈ ಪ್ರಶ್ನೆಗಳಲ್ಲಿ ಹುರುಳಿದೆ ಎಂದೇ ಈಗಲೂ ನನ್ನ ಅಭಿಪ್ರಾಯ. ಆದರೆ ಲೋಕವನ್ನು ತಿದ್ದುವ ಹೋರಾಟಕ್ಕೆ ಹನ್ನೆರಡು ವರ್ಷದ ಹುಡುಗಿಯ ಮುಖವನ್ನು ಬಾವುಟ ಮಾಡಿಕೊಳ್ಳಲು ಆಕೆಯ ತಾತನಿಗೆ ಏನು ಅಧಿಕಾರ?

ದೊಡ್ಡವಳಾದ ಮೇಲೆ ಅವಳೇ ನಿರ್ಧರಿಸಲಿ ಎಂದು ಜಾರಿಕೊಳ್ಳಬಹುದಿತ್ತು. ಅಲ್ಲಿಯೇ ತೊಡಕು. ಹಲ್ಲು ಗೋಡೆಗೆ ಹೊಡೆದ ಮೊಳೆಯಂತೆ ಮೂಳೆಗೆ ಅಂಟಿಕೊಂಡದ್ದಲ್ಲ. ಬೇರಿಗೂ ಮೂಳೆಗೂ ನಡುವೆ ನವಿರಾದ ನಾರುಗಳ ಒಂದು ಪದರವಿದೆ, ಹಲ್ಲು ಅದರಲ್ಲಿ ತೂಗಿಕೊಂಡಿದೆ. ತಂತಿ ಮೆಲ್ಲನೆ ಒತ್ತಿದಾಗ, ಒತ್ತಿದ ಕಡೆಯ ಮೂಳೆ ಕರಗುತ್ತದೆ; ಬಿಟ್ಟ ಕಡೆಯಲ್ಲಿ ಹೊಸ ಮೂಳೆ ಬೆಳೆಯುತ್ತದೆ. ತಿಂಗಳಿಗೆ ಸುಮಾರು ಒಂದು ಮಿಲಿಮೀಟರು ನಡಿಗೆ. ಅವಸರಪಟ್ಟು ಬಲವಾಗಿ ಎಳೆದರೆ ಹಲ್ಲು ಬೇಗ ಬರುವುದಿಲ್ಲ, ಬೇರು ಕೆಡುತ್ತದೆ. ಈ ಕೆಲಸ ದೊಡ್ಡವರಲ್ಲಿಯೂ ನಡೆಯುತ್ತದೆ, ಆದರೆ ದವಡೆ ಇನ್ನೂ ಬೆಳೆಯುತ್ತಿರುವ ವಯಸ್ಸಿನಲ್ಲಿ ಕೆಲವು ದೋಷಗಳನ್ನು ತಿದ್ದುವುದು ಸುಲಭ. ಬೆಳವಣಿಗೆ ನಿಂತ ಮೇಲೆ ದವಡೆಯದೇ ದೋಷವಾದರೆ ಶಸ್ತ್ರಚಿಕಿತ್ಸೆಯವರೆಗೂ ಹೋಗಬೇಕಾದೀತು. ಮೂಳೆ ಬಾಗುವ ವಯಸ್ಸಿನಲ್ಲಿ ಬುದ್ಧಿ ಬಲಿತಿರುವುದಿಲ್ಲ. ಬುದ್ಧಿ ಬಲಿಯುವ ಹೊತ್ತಿಗೆ ಮೂಳೆ ಬಲಿತಿರುತ್ತದೆ. ಆದ್ದರಿಂದ ಸುಮ್ಮನಿರುವುದೂ ಒಂದು ನಿರ್ಧಾರವೇ. ೧೯೬೮ರಲ್ಲಿ ನಾವು ಏನೂ ಮಾಡಲಿಲ್ಲವೆಂದು ನಾನು ತಿಳಿದಿದ್ದೆ, ಮಾಡಿದ್ದೆವು.

ಸರಿ, ವೈದ್ಯರನ್ನು ಹುಡುಕುವ ಕೆಲಸ ನಿವೃತ್ತನಾದ ನನ್ನ ಪಾಲಿಗೆ ಬಂತು. ಮೊದಲು ಹೋದದ್ದು ಒಂದು ಥಳಥಳಿಸುವ ಅಂಗಡಿಗೆ; ಚಿಕಿತ್ಸಾಲಯವೆನ್ನಲು ನನಗೆ ಮನಸ್ಸು ಬಾರದು. ಅಲ್ಲಿ ನಮ್ಮನ್ನು ಮಾತಾಡಿಸಿದವರು ವೈದ್ಯರಲ್ಲ. ಮಗು ಬಾಯಿ ತೆರೆಯುವ ಮೊದಲೇ ಕಂಪ್ಯೂಟರಿನ ಪರದೆಯ ಮೇಲೆ ಅವಳ ಮುಂದಿನ ನಗುವನ್ನು ತೋರಿಸಿದರು. ಕಣ್ಣಿಗೆ ಕಾಣದ ಪಾರದರ್ಶಕ ಅಚ್ಚುಗಳು, ಕಂತಿನಲ್ಲಿ ಹಣ, ಇವತ್ತೇ ಬುಕ್ ಮಾಡಿದರೆ ರಿಯಾಯಿತಿ. ಪರದೆಯ ಮೇಲಿನ ಹುಡುಗಿ ಚೆಲುವೆಯಾಗಿಯೇ ಇದ್ದಳು. ಆದರೆ ಅವಳು ನಮ್ಮ ಮನೆಯವಳಾಗಿರಲಿಲ್ಲ.

ಎರಡನೆಯದಾಗಿ ನಮ್ಮ ಬೀದಿಯ ಹಲ್ಲಿನ ಡಾಕ್ಟರು. ನನ್ನ ದವಡೆ ಹಲ್ಲುಗಳನ್ನು ಒಂದೊಂದಾಗಿ ಕಿತ್ತು ನನ್ನ ವಿಶ್ವಾಸವನ್ನು ಗಳಿಸಿದವರು. ಅವರು ನೋಡಿ, "ನಾನೂ ಹಾಕ್ತೀನಿ ಸಾರ್, ಸಣ್ಣಪುಟ್ಟದ್ದಾಗಿದ್ರೆ. ಇದು ದವಡೆಗೆ ಸಂಬಂಧಪಟ್ಟದ್ದು. ಇದನ್ನೇ ಓದಿದವರ ಹತ್ರ ಹೋಗಿ" ಎಂದರು. ಹಲ್ಲಿನ ವೈದ್ಯರೆಲ್ಲರೂ ಐದು ವರ್ಷದ ಬಿ.ಡಿ.ಎಸ್. ಓದಿದವರು, ಹಲ್ಲುಗಳನ್ನು ಸಾಲಿಗೆ ತರುವ ಶಾಸ್ತ್ರವನ್ನೇ ಮತ್ತೆ ಮೂರು ವರ್ಷ ಓದಿ ಎಂ.ಡಿ.ಎಸ್. ಪಡೆದವರು ಆರ್ಥೊಡಾಂಟಿಸ್ಟರು. ಈ ಭೇದ ಫಲಕದ ಮೇಲೆ ಸಣ್ಣ ಅಕ್ಷರದಲ್ಲಿರುತ್ತದೆ, ನಮ್ಮ ಕಣ್ಣು ದೊಡ್ಡ ಅಕ್ಷರದ ಮೇಲಿರುತ್ತದೆ.

ಪ್ಲೇಟೋವಿನ ಒಂದು ಸಂವಾದದಲ್ಲಿ ಸಾಕ್ರಟೀಸನು ಒಂದು ಚಿಕ್ಕ ತೊಡಕನ್ನು ಎತ್ತುತ್ತಾನೆ: ವೈದ್ಯವನ್ನು ತಿಳಿಯದವನು ನಿಜವಾದ ವೈದ್ಯನನ್ನೂ ವೇಷಧಾರಿಯನ್ನೂ ಬೇರ್ಪಡಿಸುವುದು ಹೇಗೆ? ಕಾಲೇಜಿನಲ್ಲಿ ಓದಿದಾಗ ಇದು ಬರಿಯ ತರ್ಕದ ಕಸರತ್ತೆನಿಸಿತ್ತು. ಮಗುವಿನ ಕೈ ಹಿಡಿದು ಮೂರನೆಯ ಮೆಟ್ಟಿಲು ಹತ್ತುವಾಗ ಹಾಗೆನಿಸಲಿಲ್ಲ. ನನಗೆ ತೋಚಿದ್ದಿಷ್ಟು: ಒಬ್ಬನ ವಿದ್ಯೆ ಎಷ್ಟೆಂಬುದು ನಮಗೆ ಕಾಣದಿದ್ದರೂ, ಅದು ಎಲ್ಲಿಗೆ ಮುಗಿಯುತ್ತದೆಂಬುದು ಅವನಿಗೆ ಗೊತ್ತಿದೆಯೇ ಇಲ್ಲವೇ ಎಂಬುದು ಕಾಣುತ್ತದೆ. ನಮ್ಮ ಬೀದಿಯ ಡಾಕ್ಟರಿಗೆ ಗೊತ್ತಿತ್ತು.

ಮೂರನೆಯವರು ಒಬ್ಬ ಹೆಂಗಸು. ನನ್ನನ್ನೂ ಮಗಳನ್ನೂ ಬಿಟ್ಟು ನೇರವಾಗಿ ಮೊಮ್ಮಗಳನ್ನು ಕೇಳಿದರು: "ಏನಮ್ಮಾ, ನಿನಗೇನು ತೊಂದರೆ ಅನ್ಸುತ್ತೆ?" ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸ್ಯಾಂಡ್‌ವಿಚ್ ಕಚ್ಚಕ್ಕೆ ಆಗಲ್ಲ, ಬರೀ ಬ್ರೆಡ್ ಬರುತ್ತೆ" ಎಂದಳು. ಹಲ್ಲಿನ ಚೆಲುವಿನ ಮೇಲೆ ಇಷ್ಟೆಲ್ಲ ತತ್ತ್ವಚಿಂತನೆ ನಡೆಸಿದ್ದ ನನಗೆ, ಹಲ್ಲಿರುವುದು ಕಚ್ಚುವುದಕ್ಕೆಂಬುದು ಹೊಳೆದೇ ಇರಲಿಲ್ಲ. ಅಚ್ಚು ತೆಗೆದು ಎಕ್ಸ್‌ರೇ ನೋಡಿದ ಮೇಲೆ ಆ ವೈದ್ಯೆ ಕೆಟ್ಟ ಸುದ್ದಿಗಳನ್ನು ಮೊದಲು ಹೇಳಿದರು. ಸುಮಾರು ಎರಡು ವರ್ಷ ಹಿಡಿಯುತ್ತದೆ. ತಂತಿಯ ಸುತ್ತ ಸರಿಯಾಗಿ ಉಜ್ಜದಿದ್ದರೆ ಹಲ್ಲಿನ ಮೇಲೆ ಬಿಳಿಯ ಕಲೆ ಉಳಿಯುತ್ತದೆ. ಬೇರು ಸ್ವಲ್ಪ ಸವೆಯುವುದೂ ಉಂಟು. ತಂತಿ ತೆಗೆದ ಮೇಲೆ ಹಲ್ಲುಗಳು ತಮ್ಮ ಹಳೆಯ ಜಾಗಕ್ಕೆ ಹೊರಡುತ್ತವೆ, ಆದ್ದರಿಂದ ರಾತ್ರಿಯ ಹೊತ್ತು ತಟ್ಟೆಯೊಂದನ್ನು ವರ್ಷಗಟ್ಟಲೆ ಹಾಕಿಕೊಳ್ಳಬೇಕು. ಮಾಡಿಸದಿದ್ದರೆ ಏನಾಗುತ್ತದೆ ಎಂದು ಕೇಳಿದೆ. ಇಷ್ಟು ಮುಂದಿರುವ ಹಲ್ಲು ಬಿದ್ದಾಗ ಮುರಿಯುವ ಸಂಭವ ಹೆಚ್ಚು. ಅದು ಬಿಟ್ಟರೆ ಪ್ರಾಣಕ್ಕೇನೂ ಭಯವಿಲ್ಲ, ಮನೆಗೆ ಹೋಗಿ ಯೋಚಿಸಿ ಎಂದರು. ಯೋಚಿಸಿ ಎಂಬ ಮಾತನ್ನು ಆ ವಾರ ನಾವು ಕೇಳಿದ್ದು ಅಲ್ಲಿ ಮಾತ್ರ.

ಒಂದು ಮಾತು ನನ್ನನ್ನು ಕಾಡಿತು: ಜಾಗ ಸಾಲದು, ಕೋರೆಹಲ್ಲಿನ ಹಿಂದಿನ ನಾಲ್ಕು ಒಳ್ಳೆಯ ಹಲ್ಲುಗಳನ್ನು ಕೀಳಬೇಕು. ಈ ಒಂದು ಪ್ರಶ್ನೆಯ ಮೇಲೆ ಈ ಶಾಸ್ತ್ರದವರೇ ಮತದವರಂತೆ ಕಚ್ಚಾಡಿದ್ದಾರೆಂದು ಆಮೇಲೆ ಓದಿ ತಿಳಿದೆ. ಅಮೆರಿಕದ ಎಡ್ವರ್ಡ್ ಆಂಗಲ್ ಎಂಬಾತ ೧೮೯೯ರಲ್ಲಿ ಹಲ್ಲುಗಳು ಕೂಡುವ ಬಗೆಯನ್ನು ಮೂರು ವರ್ಗವಾಗಿ ವಿಂಗಡಿಸಿದ. ಇಂದಿಗೂ ವೈದ್ಯರು ಬಳಸುವುದು ಅದನ್ನೇ. ಅಪೋಲೋ ಬೆಲ್ವೆಡೆರ್ ಎಂಬ ಅಮೃತಶಿಲೆಯ ಪ್ರತಿಮೆಯ ಮುಖ ಆತನಿಗೆ ಒಂದು ಆದರ್ಶ. (ಆ ಪ್ರತಿಮೆ ಏನನ್ನೂ ಕಚ್ಚಿ ತಿಂದದ್ದಿಲ್ಲವೆಂಬುದು ಬೇರೆ ಮಾತು.) ಪ್ರಕೃತಿ ಕೊಟ್ಟ ಮೂವತ್ತೆರಡನ್ನೂ ಉಳಿಸಿಕೊಂಡೇ ಸಾಲು ಮಾಡಬೇಕು, ಒಂದನ್ನೂ ಕೀಳಬಾರದು ಎಂಬುದು ಆತನ ಹಟ. ೧೯೧೧ರಲ್ಲಿ ಕ್ಯಾಲ್ವಿನ್ ಕೇಸ್ ಎಂಬಾತ ಇದನ್ನು ಬಹಿರಂಗವಾಗಿ ಪ್ರತಿಭಟಿಸಿದ. ಕೊನೆಗೆ ಆಂಗಲನ ಶಿಷ್ಯನೇ ಆದ ಚಾರ್ಲ್ಸ್ ಟ್ವೀಡ್, ಗುರುವಿನ ಮಾರ್ಗದಲ್ಲಿ ತಾನು ಮಾಡಿದ ಹಲ್ಲುಗಳು ಮತ್ತೆ ಹಿಂದಕ್ಕೆ ಸರಿಯುವುದನ್ನು ಕಂಡು, ಅದೇ ರೋಗಿಗಳಿಗೆ ನಾಲ್ಕು ಹಲ್ಲು ಕಿತ್ತು ಮತ್ತೊಮ್ಮೆ ಚಿಕಿತ್ಸೆ ಮಾಡಿ, ೧೯೪೦ರಲ್ಲಿ ಫಲವನ್ನು ಸಹೋದ್ಯೋಗಿಗಳ ಮುಂದೆ ಇಟ್ಟ. ತನ್ನ ತಪ್ಪನ್ನು ಒಪ್ಪಿಕೊಂಡು ಹಳೆಯ ರೋಗಿಗಳನ್ನು ಮತ್ತೆ ಕುರ್ಚಿಗೆ ಕರೆದ ಆ ಮನುಷ್ಯನ ಮೇಲೆ ನನಗೆ ಗೌರವ ಹುಟ್ಟಿತು. ಈಗಿನ ವೈದ್ಯರು ಎರಡು ಪಕ್ಷದಲ್ಲೂ ನಿಲ್ಲದೆ ಬಾಯಿ ನೋಡಿ ಹೇಳುತ್ತಾರೆ.

ನಿರ್ಧಾರಕ್ಕೆ ಮುಂಚೆ ಮೈಸೂರಿಗೆ ಫೋನು ಮಾಡಿ ತಂಗಿಯನ್ನು ಕೇಳಿದೆ. ಐವತ್ತು ವರ್ಷದಲ್ಲಿ ಈ ಮಾತು ನಮ್ಮಿಬ್ಬರ ನಡುವೆ ಬಂದದ್ದು ಅದೇ ಮೊದಲು. "ಅಂದು ನಿನಗೂ ಮಾಡಿಸಬೇಕಿತ್ತು" ಎಂದೆ.

"ಹಲ್ಲಿನ ಮಾತು ಹಾಗಿರಲಿ ಅಣ್ಣ," ಎಂದಳು. "ಬೇಕಾ ಅಂತ ನನ್ನನ್ನ ಯಾರೂ ಕೇಳಲಿಲ್ಲ. ಕೇಳಿದ್ರೆ, ಪಾಪ ಅಪ್ಪನ ಹತ್ರ ದುಡ್ಡೆಲ್ಲಿದೆ, ಬೇಡ ಅಂತ ನಾನೇ ಅಂದುಬಿಡ್ತಿದ್ದೆನೋ ಏನೋ."

ಕೇಳುವುದೂ ಸುಲಭವಲ್ಲ. ಮೊಮ್ಮಗಳು ಸೋಮವಾರ ಬೇಕೆಂದಳು. ಕೀಳುವ ಮಾತು ಕೇಳಿ ಮಂಗಳವಾರ ಬೇಡವೆಂದಳು. ಶನಿವಾರ, ನೋಯುತ್ತದೆಯೇ ಎಂದು ನಾಲ್ಕು ಸಲ ಕೇಳಿ, ಮತ್ತೆ ಬೇಕೆಂದಳು. ಅದರಲ್ಲಿ ಅವಳ ಇಚ್ಛೆ ಎಷ್ಟು, ಗೆಳತಿಯರದೆಷ್ಟು, ತಾಯಿಯ ಮುಖ ನೋಡಿ ಹೇಳಿದ್ದೆಷ್ಟು ಎಂದು ಬಿಡಿಸಲು ನನ್ನಿಂದಾಗಲಿಲ್ಲ. ನನ್ನ ಇಚ್ಛೆಗಳನ್ನೇ ಹಾಗೆ ಬಿಡಿಸಿ ನೋಡಿದವನಲ್ಲ ನಾನು. ಅವಳು ಮೂರನೆಯ ಸಲ ಬೇಕೆಂದದ್ದನ್ನು ನಾವು ಒಪ್ಪಿಕೊಂಡೆವು. ಒಳಗೊಳಗೆ ನನಗಿದ್ದ ಇನ್ನೊಂದು ಸಂಕಟವನ್ನು ಯಾರಿಗೂ ಹೇಳಲಿಲ್ಲ: ಆ ಎರಡು ಹಲ್ಲು ಒಳಗೆ ಹೋದ ಮೇಲೆ ನಮ್ಮಮ್ಮನ ನಗು ಈ ಭೂಮಿಯ ಮೇಲೆ ತಂಗಿಯ ಸೆರಗಿನ ಹಿಂದೆ ಮಾತ್ರ ಉಳಿಯುತ್ತದೆ.

ನಾಲ್ಕು ಹಲ್ಲುಗಳನ್ನು ಎರಡು ಕಂತಿನಲ್ಲಿ ಕಿತ್ತಾಯಿತು. ಹುಡುಗಿ ಅವನ್ನು ಕೇಳಿ ಪಡೆದು ಒಂದು ಮಾತ್ರೆಯ ಡಬ್ಬಿಯಲ್ಲಿಟ್ಟುಕೊಂಡಿದ್ದಾಳೆ. ಸಂಜೆ ತಂಗಿ ಫೋನು ಮಾಡಿದಾಗ, ಐಸ್‌ಕ್ರೀಮು ತಿಂದಳಾ, ಊತ ಇಳಿಯಿತಾ ಎಂದೆಲ್ಲ ವಿಚಾರಿಸಿ, "ಹಲ್ಲನ್ನೇನು ಮಾಡಿದಿರಿ?" ಎಂದು ಕೇಳಿದಳು. ಡಬ್ಬಿಯ ಸಂಗತಿ ಹೇಳಿದೆ.

"ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಹಂಚಿನ ಮಾಡೆಲ್ಲಿದೆ ಎಸೆಯೋಕೆ? ದಸರಾ ರಜಕ್ಕೆ ಕರಕೊಂಡು ಬಾ. ನಮ್ಮ ಹಿತ್ತಿಲ ಮನೆ ಇನ್ನೂ ಹಂಚಿಂದೇ. ಸಗಣಿ ನಾನು ತರಿಸಿಡ್ತೀನಿ" ಎಂದು ತಂಗಿ ನಕ್ಕಳು. ಫೋನಿನಲ್ಲಿ ಸೆರಗು ಕಾಣುವುದಿಲ್ಲ.