ಕಟ್ಟಿಲ್ಲದ ಕಾಲಿನ ಹಿಡಿತ

1985ರಲ್ಲಿ ಚಾರ್ಲ್ಸ್ ಕೋಲ್ ಎಂಬ ಬಂಡೆ ಹತ್ತುವ ಸಾಹಸಿ ಕ್ಯಾಲಿಫೋರ್ನಿಯಾದಲ್ಲಿ ಒಂದು ಶೂ ಕಂಪನಿ ಶುರು ಮಾಡಿದರು. ಹತ್ತುವ ದಾರಿಯ ಕಷ್ಟ ಅಳೆಯುವ ಅಂಕಿಯೊಂದನ್ನೇ ಅದಕ್ಕೆ ಹೆಸರಾಗಿಟ್ಟರು: ಫೈವ್ ಟೆನ್. ನುಣುಪು ಬಂಡೆಯನ್ನೂ ಕಚ್ಚಿ ಹಿಡಿಯುವ ಅದರ ‘ಸ್ಟೆಲ್ತ್’ ರಬ್ಬರ್ ಮುಂದೆ ಮೌಂಟನ್ ಬೈಕ್ ಸವಾರರ ಶೂಗಳಿಗೂ ಬಂತು. ಗೀತೆ ಓದಿದವರಿಗೆ ಇಲ್ಲಿ ನಗು ಬಂದೀತು. ಸಂಗ ಬಿಟ್ಟು ಕರ್ಮ ಮಾಡುವವನಿಗೆ, ತಾವರೆಯೆಲೆಗೆ ನೀರು ಅಂಟದಂತೆ, ಪಾಪ ಅಂಟದು ಎಂಬ ಮಾತು ಐದನೇ ಅಧ್ಯಾಯದ ಹತ್ತನೇ ಶ್ಲೋಕದಲ್ಲೇ ಬರುವುದು. ಅಂಟುವುದಕ್ಕೇ ಹೆಸರಾದ ಶೂಗೆ ಅಂಟದಿರುವಿಕೆಯ ಶ್ಲೋಕದ ಸಂಖ್ಯೆ! ಇದು ಬರೀ ಕಾಕತಾಳೀಯ. ಆದರೆ ಹಿಡಿದೂ ಕಟ್ಟಿಕೊಳ್ಳದೆ ಇರುವುದು ಹೇಗೆ ಎಂಬ ಪ್ರಶ್ನೆ ಎರಡೂ ಕಡೆ ಇದೆ.

ಪೆಡಲಿಗೂ ಪಾದಕ್ಕೂ ನಂಟು ಬೆಸೆಯಲು ಎರಡು ದಾರಿಗಳಿವೆ. 1984ರಲ್ಲಿ ಫ್ರಾನ್ಸಿನ ಲುಕ್ ಕಂಪನಿ, ಸ್ಕೀ ಹಲಗೆಗೆ ಬೂಟನ್ನು ಬಿಗಿಯುವ ತಂತ್ರವನ್ನು ಪೆಡಲಿಗೆ ತಂದಿತು. ಮರುವರ್ಷ ಬರ್ನಾರ್ಡ್ ಇನೊ ಅದನ್ನೇ ತುಳಿದು ಟೂರ್ ಡಿ ಫ್ರಾನ್ಸ್ ಗೆದ್ದರು. 1990ರಲ್ಲಿ ಶಿಮಾನೊದ ಎಸ್‌ಪಿಡಿ ಜತೆ ಆ ತಂತ್ರ ಗುಡ್ಡದ ದಾರಿಗೂ ಬಂತು. ಶೂ ಅಡಿಯ ಲೋಹದ ಕ್ಲೀಟ್ ಟಕ್ಕನೆ ಪೆಡಲಿಗೆ ಸಿಕ್ಕಿಕೊಳ್ಳುತ್ತದೆ. ಹಿಮ್ಮಡಿಯನ್ನು ಹೊರಕ್ಕೆ ತಿರುಚುವ ತನಕ ಬಿಡುವುದಿಲ್ಲ. ಇನ್ನೊಂದು ಫ್ಲ್ಯಾಟ್ ಪೆಡಲ್: ಅಗಲವಾದ ತಟ್ಟೆ, ಮೇಲೆ ಕೆಲವೇ ಮಿಲಿಮೀಟರ್ ಎದ್ದು ನಿಂತ ಪಿನ್ನುಗಳು. ಮೆದು ರಬ್ಬರ್ ಆ ಪಿನ್ನುಗಳ ಸುತ್ತ ಕುಸಿದು ಕೂರುತ್ತದೆ, ಅಷ್ಟೇ. ಕಾಲೆತ್ತಿದರೆ ನಂಟು ಮುಗಿಯಿತು.

ಈ ವ್ಯತ್ಯಾಸ ಸವಾರನ ಮೈಯ ನಡವಳಿಕೆಯನ್ನೇ ಬದಲಿಸುತ್ತದೆ. ಬಿದ್ದ ಮರದ ಕಾಂಡವನ್ನು ಹಾರಿ ದಾಟುವ ಬನ್ನಿ ಹಾಪ್ ನೋಡಿ. ಕ್ಲಿಪ್ ಹಾಕಿದವನು, ಎಂದರೆ ಕ್ಲೀಟ್ ಸಿಕ್ಕಿಸಿಕೊಂಡವನು, ಎರಡೂ ಕಾಲನ್ನು ಮೇಲೆಳೆದರೆ ಸಾಕು, ಸೈಕಲ್ ಜತೆಗೇ ಬರುತ್ತದೆ. ಫ್ಲ್ಯಾಟ್ ಪೆಡಲಿನವನು ಮೊದಲು ಮುಂದಿನ ಚಕ್ರ ಎತ್ತಬೇಕು, ಪೆಡಲ್ ಮೇಲೆ ನೆಟ್ಟಗೆ ನಿಲ್ಲಬೇಕು, ಆಮೇಲೆ ಬೆರಳುಗಳನ್ನು ಕೆಳಕ್ಕೆ ಬಾಗಿಸಿ ಪೆಡಲನ್ನು ಹಿಂದಕ್ಕೂ ಮೇಲಕ್ಕೂ ಬಾಚಬೇಕು. ಇಳಿಜಾರಿನ ಕಲ್ಲುಬೇರುಗಳ ಮೇಲೆ ಅವನ ಹಿಮ್ಮಡಿ ಕೆಳಗಿರಬೇಕು. ಆಗ ಪ್ರತಿ ಕುಲುಕೂ ಪೆಡಲನ್ನು ಪಾದಕ್ಕೇ ಒತ್ತುತ್ತದೆ. ಬೆರಳು ಕೆಳಗಾಯಿತೋ, ಅದೇ ಕುಲುಕು ಕಾಲನ್ನು ಜಾರಿಸಿ ಪಿನ್ನುಗಳಿಂದ ಮೊಳಕಾಲಿನ ಕೆಳಗೆ ಗೀರೆಳೆಯುತ್ತದೆ.

ಶೂ ಆಯ್ಕೆಯಲ್ಲೂ ಇದೇ ತಿಕ್ಕಾಟ. ಅಡಿ ತೀರ ಮೆದುವಾದರೆ ಪಿನ್ನುಗಳೆಲ್ಲ ಪಾದಕ್ಕೆ ತಿಳಿಯುತ್ತವೆ, ಆದರೆ ಉದ್ದನೆಯ ಇಳಿಜಾರಿನಲ್ಲಿ ಅಂಗಾಲು ಸೋಲುತ್ತದೆ. ತೀರ ಗಡುಸಾದರೆ ದಣಿವಿಲ್ಲ, ಪೆಡಲಿನ ಸುದ್ದಿಯೂ ಇಲ್ಲ. ರಬ್ಬರ್ ಅತಿಯಾಗಿ ಕಚ್ಚಿದರೂ ಕಷ್ಟವೇ: ಪಾದವನ್ನು ತುಸು ಸರಿಸಲೂ ಪೂರ್ತಿ ಎತ್ತಬೇಕಾಗುತ್ತದೆ. ಶೂ ಸರಿಹೊಂದಿದರೆ ಪಾದದ ನೆನಪೇ ಬಾರದು ಎಂಬ ವಿಚಾರ ಚೀನಾದ ಪ್ರಾಚೀನ ಗ್ರಂಥ ‘ಝುವಾಂಗ್‌ಝಿ’ಯಲ್ಲಿದೆ. ಇಲ್ಲಿ ಅದು ಅರ್ಧ ಮಾತ್ರ ನಿಜ. ಶೂ ಮರೆಯಬೇಕು, ಪೆಡಲ್ ಮರೆಯಬಾರದು.

ನಿಃಸಂಗವೆಂದರೆ ದೂರ ನಿಲ್ಲುವುದು ಎಂದು ಭಾವಿಸುವವರಿಗೆ ಫ್ಲ್ಯಾಟ್ ಪೆಡಲ್ ತಕರಾರು ತೆಗೆಯುತ್ತದೆ. ಕಟ್ಟು ಇಲ್ಲದ ಕಡೆ ಸಂಪರ್ಕ ಇನ್ನಷ್ಟು ನಿಕಟವಾಗಿರಬೇಕು. ಕ್ಲೀಟಿನ ಹಿಡಿತ ಒಂದು ಸ್ಥಿತಿ. ಒಮ್ಮೆ ಸಿಕ್ಕಿಸಿದರೆ ಗಮನ ಬೇರೆಡೆ ಹೋದರೂ ಇರುತ್ತದೆ. ರಬ್ಬರಿನ ಹಿಡಿತ ಒಂದು ಕ್ರಿಯೆ; ಭಾರ ಬಿದ್ದಷ್ಟು ಹೊತ್ತು ಮಾತ್ರ ಅದಕ್ಕೆ ಬದುಕು. ಗೀತೆಯೂ ಅರ್ಜುನನನ್ನು ರಣರಂಗದಿಂದ ಹೊರಗೆ ಕಳಿಸಲಿಲ್ಲವಷ್ಟೆ.

ಆಸ್ಟ್ರೇಲಿಯಾದ ಸ್ಯಾಮ್ ಹಿಲ್ ಈ ವಾದಕ್ಕೆ ಸಿಗುವ ದೊಡ್ಡ ಸಾಕ್ಷಿ. ಪ್ರತಿಸ್ಪರ್ಧಿಗಳಲ್ಲಿ ಹೆಚ್ಚಿನವರು ಕ್ಲಿಪ್ ಹಾಕುತ್ತಿದ್ದಾಗ ಅವರು ಫ್ಲ್ಯಾಟ್ ಪೆಡಲಿನಲ್ಲೇ 2006, 2007 ಮತ್ತು 2010ರಲ್ಲಿ ಡೌನ್‌ಹಿಲ್ ವಿಶ್ವ ಚಾಂಪಿಯನ್ ಆದರು. ತಿರುವಿನಲ್ಲಿ ಒಳಗಾಲನ್ನು ಹೊರಚಾಚಿ ನುಗ್ಗುವುದು ಅವರ ಗುರುತು. 2008ರಲ್ಲಿ ಇಟಲಿಯ ವಾಲ್ ಡಿ ಸೋಲೆಯಲ್ಲಿ ಅದೇ ಪಟ್ಟದ ಗೆಲುವು ಕೈಯಲ್ಲೇ ಇದ್ದಾಗ ಕೊನೆಯ ತಿರುವಿನ ಬಳಿ ಬಿದ್ದರು; ಎದ್ದು ಬಂದು ಮೂರನೆಯವರಾದರು. ಆಮೇಲೆ ಇಡೀ ದಿನ ತುಳಿಯಬೇಕಾದ ಎಂಡ್ಯೂರೊಗೆ ಬಂದು, 2017ರಿಂದ 2019ರವರೆಗೆ ಸತತ ಮೂರು ವರ್ಷ ವಿಶ್ವ ಸರಣಿಯನ್ನೇ ಗೆದ್ದರು.

ಹಾಗೆಂದು ಕ್ಲಿಪ್ ಹಾಕಿದವನನ್ನು ಬದ್ಧಜೀವಿ ಎನ್ನಲಾಗದು. ಒಲಿಂಪಿಕ್ ಕ್ರಾಸ್‌ಕಂಟ್ರಿಯ ಏರುಗಳಲ್ಲಿ ಆ ಬಿಗಿತವೇ ಲಾಭ. ಇತ್ತ, ಹೆದರಿ ಹ್ಯಾಂಡಲ್‌ಬಾರನ್ನು ಬಿಗಿಯಾಗಿ ಅವುಚಿಕೊಂಡವನ ಪಾದ ಫ್ಲ್ಯಾಟ್ ಪೆಡಲ್ ಮೇಲಿದ್ದೂ ಪ್ರಯೋಜನವಿಲ್ಲ: ಭಾರ ಕೈಗೆ ಹೋಗಿ ಕಾಲು ಹಗುರಾಗುತ್ತದೆ, ಮುಂದಿನ ಬೇರಿಗೇ ಅದು ಜಾರುತ್ತದೆ. ಕ್ಲಿಪ್‌ಗೆ ಒಗ್ಗಿದವರನ್ನೂ ತರಬೇತುದಾರರು ಆಗಾಗ ಫ್ಲ್ಯಾಟ್ ಪೆಡಲ್ ಹತ್ತಿಸುವುದುಂಟು. ಬನ್ನಿ ಹಾಪ್‌ನಲ್ಲಿ ತಮ್ಮ ಕಾಲು ಎಷ್ಟು ದುಡಿಯುತ್ತಿತ್ತು, ಕ್ಲೀಟ್ ಎಷ್ಟು ದುಡಿಯುತ್ತಿತ್ತು ಎಂಬ ಲೆಕ್ಕ ಅವರಿಗೆ ಮೊದಲ ದಿನವೇ ಸಿಗುತ್ತದೆ.