ಮೊದಲು ಯಾವುದು?

ಎರಡು ಒಳ್ಳೆಯ ವಸ್ತುಗಳು ಒಟ್ಟಿಗೆ ಕೈಸೇರಿದಾಗ ಮನುಷ್ಯನಿಗೆ ಆಗುವ ಕಷ್ಟ ಒಂದೂ ದೊರೆಯದಾಗ ಆಗುವ ಕಷ್ಟಕ್ಕಿಂತ ಕಡಮೆಯೇನಲ್ಲ. ಒಂದೂ ಇಲ್ಲದವನು ಹಣೆಬರಹವನ್ನು ಬೈದು ಸುಮ್ಮನಾಗಬಹುದು. ಎರಡೂ ಇರುವವನು ತಪ್ಪಿದರೆ ತನ್ನನ್ನೇ ಬೈದುಕೊಳ್ಳಬೇಕು.

ಪರೀಕ್ಷೆ ಮುಗಿಸಿ ಮನೆಗೆ ಬಂದ ನನ್ನ ಮಗ ಇಂಥದೊಂದು ಕಷ್ಟಕ್ಕೆ ಸಿಕ್ಕಿಕೊಂಡ. ಅವನು ಕಂಪ್ಯೂಟರಿನಲ್ಲಿ ಆಡುತ್ತಿರುವ ಆಟದ ಹೆಸರು 'ದಿ ವಿಚರ್ 3'. ಪೋಲೆಂಡಿನ ವಾರ್ಸಾ ನಗರದ ಸಿ.ಡಿ. ಪ್ರೊಜೆಕ್ಟ್ ರೆಡ್ ಸಂಸ್ಥೆ ಅದನ್ನು 2015ರ ಮೇ ತಿಂಗಳಲ್ಲಿ ಹೊರತಂದಿತು. ಆ ದೇಶದ ಕಥೆಗಾರ ಸಪ್ಕೋವ್‌ಸ್ಕಿ ಸೃಷ್ಟಿಸಿದ ಗೆರಾಲ್ಟ್ ಎಂಬ ಬೇಟೆಗಾರ, ಹಣ ಪಡೆದು ರಾಕ್ಷಸಪ್ರಾಣಿಗಳನ್ನು ಕೊಲ್ಲುವವನು, ಇದರ ನಾಯಕ. ವೈರಿಗಳು ಬೆನ್ನಟ್ಟುತ್ತಿರುವ ತನ್ನ ಸಾಕುಮಗಳನ್ನು ಅವನು ಹುಡುಕಿ ಹೊರಡುವುದೇ ಮೂಲಕಥೆ. ಆ ಹುಡುಗಿಯ ಹೆಸರು ಸಿರಿ. ಕನ್ನಡದ ಕಿವಿಗೆ ಪರಕೀಯವೆನಿಸದ ಹೆಸರು. ಆಟಗಾರ ಈ ವಿಶಾಲವಾದ ಜಗತ್ತಿನಲ್ಲಿ ಎತ್ತ ಬೇಕಾದರೂ ಹೋಗಬಹುದು, ಯಾವ ಕೆಲಸವನ್ನಾದರೂ ಮೊದಲು ಕೈಗೊಳ್ಳಬಹುದು. ಮೂಲಕಥೆಗೆ ಆಮೇಲೆ ಎರಡು ದೊಡ್ಡ ಉಪಕಥೆಗಳು ಸೇರಿದವು: 2015ರ ಅಕ್ಟೋಬರಿನಲ್ಲಿ 'ಹಾರ್ಟ್ಸ್ ಆಫ್ ಸ್ಟೋನ್', ಎಂದರೆ ಕಲ್ಲೆದೆಗಳು, 2016ರ ಮೇ ತಿಂಗಳಲ್ಲಿ 'ಬ್ಲಡ್ ಅಂಡ್ ವೈನ್', ಎಂದರೆ ರಕ್ತ ಮತ್ತು ದ್ರಾಕ್ಷಾರಸ.

"ಅಪ್ಪ, ಎರಡರಲ್ಲಿ ಮೊದಲು ಯಾವುದನ್ನು ಆಡಲಿ?" ಎಂದು ಮಗ ಕೇಳಿದ. ನಾಲ್ವರು ಸ್ನೇಹಿತರನ್ನು ವಿಚಾರಿಸಿ, ನಾಲ್ಕು ಬಗೆಯ ಉತ್ತರ ಪಡೆದು, ಕೊನೆಗೆ ನನ್ನ ಬಳಿಗೆ ಬಂದಿದ್ದ.

ಆಟ ಕಟ್ಟಿದವರು ಒಂದು ಸೂಚನೆಯನ್ನು ಕೊಟ್ಟಿದ್ದಾರೆ. ಮೊದಲನೆಯದಕ್ಕೆ ನಾಯಕ 32ನೆಯ ಮಟ್ಟವನ್ನೂ ಎರಡನೆಯದಕ್ಕೆ 34ನೆಯ ಮಟ್ಟವನ್ನೂ ಮುಟ್ಟಿರುವುದು ಲೇಸು. ಆದರೆ ಬೇಕೆಂದವರು ಯಾವ ಉಪಕಥೆಯನ್ನಾದರೂ ಬಿಡಿಯಾಗಿ ಆರಂಭಿಸಬಹುದೆಂದು ಅವರೇ ದಾರಿ ತೆರೆದಿದ್ದಾರೆ. ಹೀಗೆ ನಿರ್ಧಾರದ ಹೊರೆ ಮತ್ತೆ ಆಟಗಾರನ ತಲೆಯ ಮೇಲೆಯೇ ಬೀಳುತ್ತದೆ.

ಎರಡನ್ನೂ ಹೇಗಿದ್ದರೂ ಆಡುವವನಿಗೆ ಮೊದಲೇನು, ಆಮೇಲೇನು ಎಂದು ಕೇಳಬಹುದು. ನಾನೂ ಹಾಗೆಯೇ ಎಂದುಕೊಂಡಿದ್ದೆ. ಮಗನ ಬಾಯಿಂದ ಎರಡೂ ಕಥೆಗಳ ರೂಪರೇಖೆ ಕೇಳಿದ ಮೇಲೆ ಮಾತು ಅಷ್ಟು ಸುಲಭವಲ್ಲವೆಂದು ತೋರಿತು.

ಕಲ್ಲೆದೆಯ ಕಥೆಯಲ್ಲಿ ಓಲ್ಗಿಯರ್ಡ್ ಎಂಬ ಶ್ರೀಮಂತನಿದ್ದಾನೆ. ಮನೆತನ ಹಾಳಾದಾಗ ಅವನು ಒಬ್ಬ ಮಾಯಾವಿಯೊಡನೆ ಒಪ್ಪಂದ ಮಾಡಿಕೊಂಡ. ಸಂಪತ್ತು ಮರಳಿ ಬಂತು, ಪ್ರೀತಿಸಿದ ಐರಿಸ್ ಹೆಂಡತಿಯಾಗಿ ಬಂದಳು, ಸಾವಿಲ್ಲದ ಬಾಳೂ ಬಂತು. ಆದರೆ ಅದರೊಡನೆಯೇ ಎದೆ ಕಲ್ಲಾಯಿತು. ಬೇಡಿದ್ದೆಲ್ಲ ಅಂಗಳದಲ್ಲಿತ್ತು, ಅನುಭವಿಸುವ ಹೃದಯ ಒಳಗಿರಲಿಲ್ಲ. ಐರಿಸ್ ಒಬ್ಬಂಟಿಯಾಗಿ ಕೊರಗಿ ಸತ್ತಳು. ಒಪ್ಪಂದದ ಬೆಲೆ ತೆರಬೇಕಾದುದು ತಾವಿಬ್ಬರೂ ಚಂದ್ರನ ಮೇಲೆ ನಿಂತಾಗ ಎಂಬುದು ಕರಾರು. ಚಂದ್ರಲೋಕಕ್ಕೆ ಯಾರು ಹೋಗುತ್ತಾರೆ ಎಂದು ಅವನು ನಿಶ್ಚಿಂತನಾಗಿದ್ದ. ಕೊನೆಗೆ ಹಾಳು ಗುಡಿಯೊಂದರ ನೆಲದ ಮೇಲೆ ಚಿತ್ರಿಸಿದ ಚಂದ್ರನೇ ಸಾಕಾಯಿತು. ತ್ವಾರ್ಡೋವ್‌ಸ್ಕಿ ಎಂಬುವನ ಬಗ್ಗೆ ಪೋಲೆಂಡಿನಲ್ಲಿ ಇಂಥದೇ ಹಳೆಯ ಐತಿಹ್ಯವಿದೆ. ರೋಮಿನಲ್ಲಿ ಮಾತ್ರ ನನ್ನ ಆತ್ಮವನ್ನು ಒಯ್ಯಬೇಕೆಂದು ಸೈತಾನನಿಗೆ ಹೇಳಿದ ಅವನು 'ರೋಮ್' ಎಂಬ ಹೆಸರಿನ ತಂಗುಮನೆಯಲ್ಲಿ ಸಿಕ್ಕಿಬಿದ್ದ.

ಎರಡನೆಯ ಕಥೆ ನಡೆಯುವುದು ದ್ರಾಕ್ಷಿತೋಟಗಳ ಒಂದು ಚೆಲುವಾದ ನಾಡಿನಲ್ಲಿ. ಅಲ್ಲಿಯೂ ಕೊಲೆಯಿದೆ, ಸೇಡಿದೆ. ಆದರೆ ಊರೂರು ಅಲೆದ ಗೆರಾಲ್ಟನಿಗೆ ಅಲ್ಲಿ ತನ್ನದೇ ಆದ ಮನೆಯೂ ತೋಟವೂ ದೊರೆಯುತ್ತವೆ. ಕಥೆಯ ಕೊನೆಗೆ ಆ ಮನೆಯ ಬಾಗಿಲಿಗೆ ಒಬ್ಬ ಅತಿಥಿ ಬರುವುದುಂಟು. ಆ ಅತಿಥಿ ಯಾರೆಂಬುದು ಮೂಲಕಥೆಯಲ್ಲಿ ಆಟಗಾರ ಹಿಂದೆ ಮಾಡಿದ ಆಯ್ಕೆಗಳನ್ನು ಅವಲಂಬಿಸಿದೆ.

ಈ ಕೊನೆಯ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಕ್ರಮವೆಂಬುದು ಕಪಾಟಿನಲ್ಲಿ ಪುಸ್ತಕ ಜೋಡಿಸಿದಂತಲ್ಲ. ಮೊದಲು ಕಂಡುದು ಆಮೇಲೆ ಕಾಣುವುದಕ್ಕೆ ಕಣ್ಣಾಗುತ್ತದೆ. ಓಲ್ಗಿಯರ್ಡನ ಬರಿದಾದ ಮನೆಯನ್ನು ನೋಡಿ ಬಂದವನಿಗೆ ತೋಟದ ಮನೆಯ ದೀಪ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ತೋಟದ ಮನೆಯಲ್ಲಿ ಮಲಗೆದ್ದು ಬಂದವನಿಗೆ ಆ ಬರಿದು ಮನೆ ಇನ್ನಷ್ಟು ತಣ್ಣಗಿರುತ್ತದೆ. ಘಟನೆಗಳು ಅವೇ, ಬಾಳು ಬೇರೆ. ಆಟವನ್ನು ಮತ್ತೆ ಆಡಬಹುದು, ಆದರೆ ತಿಳಿಯದವನಾಗಿ ಆಡುವ ಅವಕಾಶ ಒಂದೇ ಸಲ.

ಕಠೋಪನಿಷತ್ತಿನ ನಚಿಕೇತನಿಗೂ ಮೂರು ವರಗಳು ದೊರೆತವು. ಸಾವಿನ ಗುಟ್ಟನ್ನು ಕೇಳಿದ ಮೂರನೆಯ ವರವನ್ನು ನಾವು ಹೊಗಳುತ್ತೇವೆ, ಮೊದಲನೆಯದನ್ನು ಮರೆಯುತ್ತೇವೆ. ಸಿಟ್ಟಿನಲ್ಲಿ ತನ್ನನ್ನು ಯಮನಿಗೆ ಕೊಟ್ಟ ತಂದೆಯ ಮನಸ್ಸು ಶಾಂತವಾಗಲಿ ಎಂಬುದು ಅವನು ಮೊದಲು ಕೇಳಿದ ಮಾತು. ಬ್ರಹ್ಮವಿದ್ಯೆ ಕಾಯಬಲ್ಲುದು, ಮನೆಯಲ್ಲಿ ಕೊರಗುವ ತಂದೆ ಕಾಯಲಾರ ಎಂದು ಆ ಹುಡುಗನಿಗೆ ತಿಳಿದಿತ್ತು.

ನನಗೆ ತಿಳಿದಿರಲಿಲ್ಲ. ನನ್ನ ತಂದೆ ಹುಟ್ಟಿದೂರನ್ನು ಒಮ್ಮೆ ನೋಡಬೇಕೆಂದು ಕೇಳುತ್ತಿದ್ದರು. ಉತ್ತರಪತ್ರಿಕೆಗಳ ಕೆಲಸ ಮುಗಿಯಲಿ, ಮನೆ ಕಟ್ಟುವುದು ಮುಗಿಯಲಿ ಎಂದು ನಾನು ಮುಂದೂಡಿದೆ. ಎರಡು ವರ್ಷ ಕಳೆದು ಕರೆದುಕೊಂಡು ಹೋದೆ. ಅಷ್ಟರಲ್ಲಿ ಗ್ಲಾಕೋಮ ಅವರ ಎರಡು ಕಣ್ಣುಗಳನ್ನೂ ತೆಗೆದುಕೊಂಡಿತ್ತು. ಹಳೆಯ ಮನೆಯ ಜಗಲಿಯ ಮೇಲೆ ಕುಳಿತು, ಅಂಗೈಯಿಂದ ಅದನ್ನು ಸವರುತ್ತ, "ಹುಣಿಸೆಮರ ಇದೆಯೇನೋ?" ಎಂದು ಕೇಳಿದರು. ಮರ ಇತ್ತು. ನಾನು ಮಾಡಬೇಕೆಂದಿದ್ದ ಕೆಲಸಗಳಲ್ಲಿ ಒಂದೂ ಬಿಟ್ಟುಹೋಗಿರಲಿಲ್ಲ. ಕ್ರಮ ಮಾತ್ರ ತಪ್ಪಿತ್ತು.

ಆಟದ ಜಗತ್ತು ಈ ವಿಷಯದಲ್ಲಿ ಬಹಳ ದಯಾಳು. ಮಗಳನ್ನು ಹುಡುಕಬೇಕಾದ ತಂದೆ ತೋಟದ ಮನೆಯಲ್ಲಿ ತಿಂಗಳುಗಟ್ಟಲೆ ಕಾಲ ಕಳೆದರೂ ಅವಳು ಹಾಗೆಯೇ ಕಾದಿರುತ್ತಾಳೆ. ಯಾರೂ ಅವನನ್ನು ಬೈಯುವುದಿಲ್ಲ. ಅದರಲ್ಲಿ ತಪ್ಪೇನೂ ಇಲ್ಲ, ಆಟವೆಂಬುದು ವಿರಾಮಕ್ಕಾಗಿ ಇರುವುದು. ಆದರೆ ಎಲ್ಲರೂ ಹಾಗೆ ಕಾಯುತ್ತಾರೆಂಬ ನಂಬಿಕೆಯನ್ನು ಆಟವಾಡದೆಯೇ ಬೆಳೆಸಿಕೊಂಡವರಲ್ಲಿ ನಾನೂ ಒಬ್ಬ.

ಮಗನಿಗೆ ನಾನು ಇಷ್ಟೆಲ್ಲ ಹೇಳಲಿಲ್ಲ. "ಕಲ್ಲೆದೆಯ ಕಥೆ ಮೊದಲಾಗಲಿ, ಮನೆ ಆಮೇಲೆ ಸಿಗಲಿ" ಎಂದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, "ಸಿರಿ ಇನ್ನೂ ಸಿಕ್ಕಿಲ್ಲ ಅಪ್ಪ. ಮೊದಲು ಅವಳನ್ನು ಹುಡುಕಿಬಿಡುತ್ತೇನೆ" ಎಂದು ತನ್ನ ಕೋಣೆಗೆ ಹೋದ. ಆ ಉತ್ತರ ನನಗೆ ಹೊಳೆದಿರಲಿಲ್ಲ.